ನಾಲ್ಕು ಸಾಲಿನ ಲೆಕ್ಕ

ಹೊಸ ಮೊಬೈಲು ಬಂದಾಗಲೆಲ್ಲ ನಮ್ಮ ಪತ್ರಿಕೆಗಳ ತಂತ್ರಜ್ಞಾನದ ಪುಟದಲ್ಲಿ ಒಂದು ಸ್ತೋತ್ರ ಅಚ್ಚಾಗುತ್ತದೆ. ಒಎಲ್ಇಡಿ ಪರದೆಯ ಕಪ್ಪು ಎಂಥ ಕಡುಗಪ್ಪು, ಹೊಳಪು ಎಷ್ಟು ಸಾವಿರ ನಿಟ್, ಇಷ್ಟೇ. ಯಾವ ಚುಕ್ಕೆಗೆ ಯಾವ ಗಳಿಗೆಯಲ್ಲಿ ಎಷ್ಟು ವೋಲ್ಟ್ ಎಂದು ಗಾಜಿನ ಅಂಚಿನಲ್ಲಿ ಕೂತು ಲೆಕ್ಕ ಹಾಕುವ ಡ್ರೈವರ್ ಚಿಪ್ಪಿನ ಬಗ್ಗೆ ಒಂದಕ್ಷರ ಇರುವುದಿಲ್ಲ. ರಾತ್ರಿಯಿಡೀ ಆಟ ನೋಡಿ ಬಂದು, ಕಿರೀಟದ ಬೇಗಡೆಯನ್ನು ಬಣ್ಣಿಸಿ ಭಾಗವತರ ಹೆಸರನ್ನೇ ಬಿಟ್ಟ ಹಾಗೆ.

ಪರದೆಗಳ ಚರಿತ್ರೆ ಬರೆಯುವವರೂ ಇದಕ್ಕೆ ಹೊರತಲ್ಲ. ದ್ರವಸ್ಫಟಿಕ ಬಂತು, ಚುಕ್ಕೆಗೊಂದು ಟ್ರಾನ್ಸಿಸ್ಟರಿನ ಟಿಎಫ್‌ಟಿ ಬಂತು, ಒಎಲ್ಇಡಿ ಬಂತು ಎಂದು ವಸ್ತುವಿನಿಂದ ವಸ್ತುವಿಗೆ ಹಾರುತ್ತಾರೆ. ಈ ಹಾರಾಟದಲ್ಲಿ ಕಾಲಡಿಗೆ ಸಿಕ್ಕು ಹೋದವುಗಳಲ್ಲಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೊಗಸಾದದ್ದು 1988ರ ಒಂದು ಪ್ರಬಂಧ. ಬರೆದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಟಿ. ಎನ್. ರುಕ್ಮಾಂಗದನ್. ಅದೇ ಸಂಸ್ಥೆಯ ಎನ್. ವಿ. ಮಧುಸೂದನ ಅವರೊಡನೆ ಈ ದಾರಿಯ ಮೊದಲ ಹೆಜ್ಜೆಗಳನ್ನು 1983ರಲ್ಲೇ ಪ್ರಕಟಿಸಿದ್ದರು. ವಿಷಯ: ಚುಕ್ಕೆಗೊಂದು ಟ್ರಾನ್ಸಿಸ್ಟರ್ ಇಲ್ಲದ, ಬರೀ ಅಡ್ಡ ತಂತಿ ಲಂಬ ತಂತಿಗಳ ದ್ರವಸ್ಫಟಿಕ ಪರದೆಯನ್ನು ನಡೆಸುವುದು ಹೇಗೆ?

ಹಳೆಯ ಕ್ರಮ ಸರಳವಾಗಿತ್ತು. ಒಂದು ಅಡ್ಡಸಾಲನ್ನು ಎಬ್ಬಿಸು, ಆ ಸಾಲಿನ ಚುಕ್ಕೆಗಳಿಗೆ ಲಂಬ ತಂತಿಗಳಿಂದ ಸುದ್ದಿ ಕೊಡು, ಮುಂದಿನ ಸಾಲಿಗೆ ಹೋಗು. ಬಸ್ಸಿನ ಹಣೆಯ ಎಲ್ಇಡಿ ಬೋರ್ಡನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿದರೆ ಊರಿನ ಹೆಸರು ತುಂಡು ತುಂಡಾಗಿ ಕಾಣುತ್ತದಲ್ಲ, ಅಂಥದೇ ಓಟ. ಆದರೆ ದ್ರವಸ್ಫಟಿಕ ಎಲ್ಇಡಿಯಂತೆ ಚುರುಕಿನದಲ್ಲ. ಧನವೋ ಋಣವೋ ಅದು ಕೇಳುವುದಿಲ್ಲ. ಬಂದ ವೋಲ್ಟೇಜುಗಳ ವರ್ಗಗಳ ಸರಾಸರಿಯ ವರ್ಗಮೂಲಕ್ಕೆ, ಅಂದರೆ ಆರ್‌ಎಂಎಸ್‌ಗೆ, ಮಾತ್ರ ಮಣಿಯುತ್ತದೆ. ಸಾಲು ಹೆಚ್ಚಿದಷ್ಟೂ ಬೆಳಗಬೇಕಾದ ಚುಕ್ಕೆಗೂ ಬೆಳಗಬಾರದ ಚುಕ್ಕೆಗೂ ಸಿಗುವ ಆರ್‌ಎಂಎಸ್ ಹತ್ತಿರವಾಗುತ್ತಾ ಹೋಗುತ್ತದೆ. ಇದರ ಗಡಿಯನ್ನು ಆಲ್ಟ್ ಮತ್ತು ಪ್ಲೆಶ್ಕೊ 1974ರಲ್ಲಿ ಗೆರೆ ಎಳೆದು ತೋರಿಸಿದರು: 64 ಸಾಲಿಗೆ ವ್ಯತ್ಯಾಸ ಶೇ 13ರಷ್ಟು, 240 ಸಾಲಿಗೆ ಶೇ 7 ಕೂಡ ಇಲ್ಲ. ಆ ಗೆರೆಯನ್ನು ಯಾರೂ ದಾಟಿಲ್ಲ, ರುಕ್ಮಾಂಗದನ್ ಕೂಡ. ದಾಟಿದರು ಎಂದು ಬರೆದವರ ಮಾತಿಗೆ ಆಮೇಲೆ ಬರುತ್ತೇನೆ.

ಅವರು ಮಾಡಿದ್ದು ಬೇರೆ. ಒಂದೇ ಸಲ ಹಲವು ಸಾಲುಗಳನ್ನು ಎಬ್ಬಿಸಿದರು. ಕೇಳಿದೊಡನೆ ಇದು ಅವಿವೇಕ ಅನ್ನಿಸುತ್ತದೆ. ಎರಡು ಸಾಲು ಒಟ್ಟಿಗೆ ಎದ್ದರೆ ಒಂದೇ ಲಂಬ ತಂತಿ ಇಬ್ಬರಿಗೂ ಬೇರೆ ಬೇರೆ ಸುದ್ದಿ ಹೇಳುವುದು ಹೇಗೆ? ಉತ್ತರ ಪ್ರಾಥಮಿಕ ಶಾಲೆಯ ಗಣಿತದಲ್ಲಿದೆ: ಎರಡು ಸಂಖ್ಯೆಗಳ ಮೊತ್ತ ಇಷ್ಟು, ವ್ಯತ್ಯಾಸ ಇಷ್ಟು, ಸಂಖ್ಯೆಗಳು ಯಾವುವು? ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಇಡೀ ಕೃತಿಯ ಜೀವ ಇರುವುದು ಇಲ್ಲೇ.

ಬೆಳಗುವ ಚುಕ್ಕೆಗೆ +1, ಕಪ್ಪು ಚುಕ್ಕೆಗೆ –1 ಎನ್ನೋಣ. ಮೊದಲ ಗಳಿಗೆಯಲ್ಲಿ ಎರಡೂ ಸಾಲಿಗೆ ಧನ ವೋಲ್ಟೇಜು, ಲಂಬ ತಂತಿಗೆ ಎರಡು ಚುಕ್ಕೆಗಳ ಮೊತ್ತ, ಚಿಹ್ನೆ ತಿರುಗಿಸಿ. ಎರಡನೆಯ ಗಳಿಗೆಯಲ್ಲಿ ಮೇಲಿನ ಸಾಲಿಗೆ ಧನ, ಕೆಳಗಿನದಕ್ಕೆ ಋಣ, ಲಂಬ ತಂತಿಗೆ ವ್ಯತ್ಯಾಸ, ಅದೂ ಚಿಹ್ನೆ ತಿರುಗಿಸಿ. ಮೇಲಿನ ಚುಕ್ಕೆ ಬೆಳಗಬೇಕು, ಕೆಳಗಿನದು ಕಪ್ಪಾಗಿರಬೇಕು ಎಂದಿಟ್ಟುಕೊಳ್ಳಿ. ಮೊತ್ತ ಸೊನ್ನೆ, ವ್ಯತ್ಯಾಸ ಎರಡು. ಮೊದಲ ಗಳಿಗೆಯಲ್ಲಿ ಇಬ್ಬರಿಗೂ ಸಾಲಿನ ವೋಲ್ಟೇಜು ಮಾತ್ರ. ಎರಡನೆಯದರಲ್ಲಿ ಮೇಲಿನವನಿಗೆ ಸಾಲಿನ ವೋಲ್ಟೇಜಿನ ಮೇಲೆ ಎರಡು ಪಾಲು ಕೂಡಿಬರುತ್ತದೆ, ಕೆಳಗಿನವನಿಗೆ ಎರಡು ಪಾಲು ಕಳೆದುಹೋಗುತ್ತದೆ. ಎರಡು ಗಳಿಗೆಯ ವರ್ಗಗಳನ್ನು ದ್ರವಸ್ಫಟಿಕವೇ ಕೂಡಿಕೊಂಡು ತನ್ನ ಪಾಲಿನ ಉತ್ತರವನ್ನು ಬಿಡಿಸಿಕೊಳ್ಳುತ್ತದೆ. ಮಂದವಾದ ಪದಾರ್ಥವೇ ಇಲ್ಲಿ ಕ್ಯಾಲ್ಕ್ಯುಲೇಟರ್.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ. ಅದೇ ಲಂಬ ತಂತಿಗೆ ತೂಗಿಕೊಂಡ, ಆಗ ಎದ್ದಿಲ್ಲದ ನೂರಾರು ಚುಕ್ಕೆಗಳ ಪಾಡೇನು? ಈ ಎರಡು ಸಾಲುಗಳ ಮಾತುಕತೆ ಅವಕ್ಕೂ ಕೇಳಿಸುತ್ತದೆ. ಚಿತ್ರ ಬದಲಾದಂತೆ ಆ ಗದ್ದಲವೂ ಬದಲಾದರೆ ಪರದೆ ತುಂಬ ಮಸುಕು ನೆರಳು ಬೀಳಬೇಕು. ಲೆಕ್ಕ ಹಾಕಿ ನೋಡಿ. ಎರಡೂ ಬೆಳಕಾದರೆ ತಂತಿಯಲ್ಲಿ ಎರಡು, ಆಮೇಲೆ ಸೊನ್ನೆ. ಒಂದು ಬೆಳಕು ಒಂದು ಕಪ್ಪಾದರೆ ಸೊನ್ನೆ, ಆಮೇಲೆ ಎರಡು. ವರ್ಗಗಳ ಮೊತ್ತ ಯಾವ ಚಿತ್ರಕ್ಕೂ ನಾಲ್ಕೇ. ನೆರೆಮನೆಯವರಿಗೆ ಗದ್ದಲ ಕೇಳುತ್ತದೆ, ಆದರೆ ಯಾವತ್ತೂ ಒಂದೇ ಪ್ರಮಾಣದಲ್ಲಿ. ಹಾಗಾಗಿ ಅದು ಗದ್ದಲವೇ ಅಲ್ಲ. ನಾಲ್ಕು ಸಾಲಿಗೂ ಎಂಟು ಸಾಲಿಗೂ ಈ ಮಾತು ನಿಲ್ಲುತ್ತದೆ, ಧನ ಋಣಗಳ ಸರಣಿಗಳು ಒಂದಕ್ಕೊಂದು ಲಂಬವಾಗಿದ್ದರೆ ಸಾಕು. ಹಡಮಾರ್ಡ್ ಮ್ಯಾಟ್ರಿಕ್ಸಿನ ಸಾಲುಗಳು ಅಂಥವು.

ಲಾಭವೇನು? 64 ಸಾಲಿನ ಪರದೆ ತೆಗೆದುಕೊಳ್ಳಿ. ಹಳೆಯ ಕ್ರಮದಲ್ಲಿ ಲಂಬ ತಂತಿಗೆ ಒಂದು ಪಾಲಾದರೆ ಅಡ್ಡಸಾಲಿಗೆ ಎಂಟು ಪಾಲು ವೋಲ್ಟೇಜು ಬೇಕು. ನಾಲ್ಕು ಸಾಲನ್ನು ಒಟ್ಟಿಗೆ ಎಬ್ಬಿಸಿದರೆ ಅಡ್ಡಸಾಲಿನದು ನಾಲ್ಕಕ್ಕೆ ಇಳಿಯುತ್ತದೆ, ಲಂಬ ತಂತಿಯದು ಹೆಚ್ಚೆಂದರೆ ಎರಡಕ್ಕೆ ಏರುತ್ತದೆ. ಎಂಟು ಸಾಲು ಒಟ್ಟಿಗೆ ಎದ್ದರೆ ಎರಡೂ ಸಮ, 2.83. ಬ್ಯಾಟರಿಯಲ್ಲಿ ಓಡುವ ಉಪಕರಣಕ್ಕೆ, ಅಗ್ಗದ ಚಿಪ್ಪಿಗೆ, ಈ ಇಳಿಕೆ ಬದುಕು ಸಾವಿನ ಪ್ರಶ್ನೆ. ಇದರ ಜೊತೆಗೇ ಇನ್ನೊಂದು ಲಾಭ. 1990ರ ದಶಕದ ಅಗ್ಗದ ಲ್ಯಾಪ್‌ಟಾಪ್ ಬಳಸಿದವರಿಗೆ ನೆನಪಿರಬಹುದು, ಮೌಸಿನ ಬಾಣ ಸರಿಸಿದೊಡನೆ ನೀರಿನಲ್ಲಿ ಮುಳುಗಿದಂತೆ ಮಾಯವಾಗಿ ಬೇರೆಲ್ಲೋ ತೇಲುತ್ತಿತ್ತು. ಹಾಗಾಗದಿರಲು ಚುರುಕಿನ ಎಸ್‌ಟಿಎನ್ (ಹೆಚ್ಚು ತಿರುಚಿದ ಜೋಡಣೆಯ) ದ್ರವಸ್ಫಟಿಕ ಹಾಕಿದರೆ ಅದು ಫ್ರೇಮಿಗೊಂದೇ ಸಲ ಬರುವ ದೊಡ್ಡ ಹೊಡೆತಕ್ಕೆ ಎದ್ದು, ಮುಂದಿನ ಹೊಡೆತ ಬರುವಷ್ಟರಲ್ಲಿ ಮಲಗಿಬಿಡುತ್ತಿತ್ತು, ಚಿತ್ರ ಪೇಲವ. ಹಲವು ಸಾಲಿನ ವಿಧಾನದಲ್ಲಿ ಅದೇ ಹೊಡೆತ ಸಣ್ಣ ಸಣ್ಣ ತಟ್ಟುಗಳಾಗಿ ಫ್ರೇಮಿನ ಉದ್ದಕ್ಕೂ ಹಂಚಿಹೋಗುತ್ತದೆ. ಮಲಗಲು ಪುರುಸೊತ್ತೇ ಇರುವುದಿಲ್ಲ.

ಈಗ ಜಗಳಕ್ಕೆ. ಇಂಗ್ಲಿಷಿನಲ್ಲಿ ಈ ಚರಿತ್ರೆ ಬರೆಯುವ ಕೆಲವರು ಕತೆಯನ್ನು 1992ರಿಂದ ಶುರುಮಾಡುತ್ತಾರೆ. ಆ ವರ್ಷ ಶೆಫರ್ ಮತ್ತು ಕ್ಲಿಫ್ಟನ್ ‘ಆಕ್ಟಿವ್ ಅಡ್ರೆಸಿಂಗ್’ ಎಂಬ ವಿಧಾನ ಮಂಡಿಸಿದರು: ನಾಲ್ಕಲ್ಲ, ಎಂಟಲ್ಲ, ಪರದೆಯ ಅಷ್ಟೂ ಸಾಲುಗಳನ್ನು ಒಟ್ಟಿಗೆ ಎಬ್ಬಿಸುವುದು. ಶೆಫರ್ ಸಣ್ಣವರಲ್ಲ, ಎಸ್‌ಟಿಎನ್ ಪರದೆಯ ಜನಕರಲ್ಲಿ ಒಬ್ಬರು. ಅವರ ವಿಧಾನ ಕೆಲಸ ಮಾಡಿತು, ಹೆಸರೂ ಮಾಡಿತು. ಹೆಸರು ಮಾಡಿದ್ದಕ್ಕೆ ಅರ್ಧ ಕಾರಣ ಹೆಸರೇ ಎಂದು ನನ್ನ ಗುಮಾನಿ. ಆದರೆ ಕಸುಬಿನ ದೃಷ್ಟಿಯಿಂದ ನೋಡಿದರೆ ಅದು ಅತಿ. ನಾಲ್ಕು ಸಾಲು ಎಬ್ಬಿಸಿದರೆ ಲಂಬ ತಂತಿಗೆ ಬೇಕಾಗುವುದು ಐದೇ ಮಟ್ಟದ ವೋಲ್ಟೇಜು. 240 ಸಾಲು ಎಬ್ಬಿಸಿದರೆ ಪ್ರತಿ ಗಳಿಗೆಯಲ್ಲೂ ಪ್ರತಿ ತಂತಿಗೆ 240 ಚುಕ್ಕೆಗಳ ಲೆಕ್ಕ ಕೂಡಬೇಕು, ಇಡೀ ಚಿತ್ರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮದುವೆಗೆ ಬಂದವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿದಂತೆ. ಬಡಿಸುವವರು ಎಲ್ಲಿಂದ ಬರಬೇಕು? ಮುಂದೆ ಸೈಕೊ ಎಪ್ಸನ್‌ನಂಥವರು ಚಿಪ್ಪಿಗಿಳಿಸಿದ್ದು ಕೆಲವೇ ಸಾಲಿನ ಪಂಕ್ತಿಯನ್ನು. ಎಲ್ಲಿ ನಿಲ್ಲಿಸಬೇಕು ಎಂದು ತಿಳಿದಿರುವುದೂ ಪ್ರತಿಭೆಯೇ, ಮತ್ತು ಅದು ಬೆಂಗಳೂರಿನ ಪ್ರಬಂಧದಲ್ಲಿ ಮೊದಲೇ ಇತ್ತು.

ಇನ್ನು ನಮ್ಮವರು. ಕನ್ನಡದಲ್ಲಿ ದ್ರವಸ್ಫಟಿಕದ ಬಗ್ಗೆ ಬಂದ ಬರಹಗಳಲ್ಲಿ ರಾಮನ್ ಸಂಸ್ಥೆಯ ಹೆಸರು ಬರುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: 1977ರಲ್ಲಿ ಎಸ್. ಚಂದ್ರಶೇಖರ್, ಸದಾಶಿವ, ಸುರೇಶ್ ಅಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ದೊಡ್ಡ ಕೆಲಸ, ಸಂಶಯವಿಲ್ಲ. ಜಪಾನಿನ ಫ್ಯೂಜಿ ಫಿಲ್ಮ್ ಅಂಥ ಅಣುಗಳ ಪೊರೆಯನ್ನು ಪರದೆಗೆ ಅಂಟಿಸಿ ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಿತು. ಆದರೆ ಇಲ್ಲಿಯೂ ಹೊಗಳಿಕೆ ವಸ್ತುವಿಗೇ ಸಂದಿತು. ಅದೇ ಪ್ರಯೋಗಾಲಯದಲ್ಲಿ ಹುಟ್ಟಿದ ವಿಧಾನ ಕಣ್ಣಿಗೆ ಬೀಳಲಿಲ್ಲ. ಕಂಡವರು ಅದನ್ನು ‘ಆಲ್ಟ್–ಪ್ಲೆಶ್ಕೊ ಮಿತಿಯನ್ನು ಮುರಿದ ಭಾರತೀಯ’ ಎಂಬ ಧಾಟಿಗೆ ಇಳಿಸಿದರು. ಮುರಿಯಲಿಲ್ಲ ಸ್ವಾಮಿ. 64 ಸಾಲಿಗೆ ಶೇ 13 ಆಗ ಎಷ್ಟೋ ಈಗಲೂ ಅಷ್ಟೇ. ಅದೇ ಮಿತಿಯ ತುದಿಯನ್ನು ಅರ್ಧ ವೋಲ್ಟೇಜಿನಲ್ಲಿ ಮುಟ್ಟಿದ್ದು ಇವರ ಹೆಚ್ಚುಗಾರಿಕೆ. ಅಭಿಮಾನ ಪಡಲು ಇಷ್ಟು ಸಾಲದೆ?

ದೋಷ ಇಲ್ಲವೆಂದಲ್ಲ. ಸಾಲುಗಳನ್ನು ಗುಂಪು ಮಾಡಿ ಎಬ್ಬಿಸುವುದರಿಂದ ಚಿತ್ರದ ಮಾಹಿತಿಯನ್ನು ಮೊದಲೇ ಹಿಡಿದಿಟ್ಟು ಮರುಜೋಡಿಸಬೇಕು, ಅದಕ್ಕೆ ಮೆಮೊರಿಯ ಖರ್ಚಿದೆ. ತಂತಿಯ ಪ್ರತಿರೋಧದಿಂದ ಮೂಡುವ ನೆರಳು ಪೂರ್ತಿ ಹೋಗುವುದಿಲ್ಲ. ಕಪ್ಪು–ಬಿಳುಪಿನ ನಡುವಣ ಬೂದು ಛಾಯೆಗಳ ಲೆಕ್ಕ ಇಷ್ಟು ಸಲೀಸಾಗಿ ಕೂಡಿಬರುವುದಿಲ್ಲ. ಅದಕ್ಕಾಗಿ ವೇವ್‌ಲೆಟ್‌ಗಳನ್ನು ಬಳಸುವ ವಿಧಾನಗಳನ್ನು ರುಕ್ಮಾಂಗದನ್ ಮತ್ತು ಅವರ ಜೊತೆಯವರು 2000ದ ದಶಕದಲ್ಲಿ ಕೊಟ್ಟರು. ಅಷ್ಟರಲ್ಲಿ ಟಿಎಫ್‌ಟಿಯ ಬೆಲೆ ಇಳಿದು, ಮಾರುಕಟ್ಟೆ ಆ ಕಡೆ ಎದ್ದುಹೋಗಿತ್ತು.