ಬೆಳಗುವ ಹಲಗೆಯ ಪಾಠಗಳು

ಈಚಿನ ಕೆಲವು ವರ್ಷಗಳಿಂದ ನಮ್ಮ ಮಠಗಳ ಆಶ್ರಯದಲ್ಲಿ ನಡೆಯುವ ಪ್ರೌಢಶಾಲೆಗಳ ಗೋಡೆಗಳ ಮೇಲೆ ಹೊಸದೊಂದು ಹಲಗೆ ಬಂದು ಕುಳಿತಿರುವುದನ್ನು ವಾಚಕರಾದ ತಾವು ಬಲ್ಲಿರಿ. ಸೀಮೆಸುಣ್ಣದ ಕರಿಹಲಗೆಯ ಪಕ್ಕದಲ್ಲಿ, ಕೆಲವೆಡೆ ಅದನ್ನು ಕಿತ್ತು ಅದರ ಸ್ಥಾನದಲ್ಲಿಯೇ, ತಾನೇ ಬೆಳಗುವ, ಮುಟ್ಟಿದರೆ ಚಿತ್ರ ತೋರಿ ಮಾತನಾಡುವ ಹಲಗೆ. ಸ್ಮಾರ್ಟ್ ಬೋರ್ಡ್ ಎಂದು ಅದಕ್ಕೆ ರೂಢಿಯ ಹೆಸರು. ಅದರ ಕೆಳಗೆ ದಾನಿಗಳ ನಾಮಫಲಕ. ಆ ದಾನಿಗಳಲ್ಲಿ ಅನೇಕರು ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿ, ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಕಡಲಾಚೆಯಲ್ಲಿಯೋ ನೆಲೆ ಕಂಡ ಹಳೆಯ ವಿದ್ಯಾರ್ಥಿಗಳು. ಉಂಡ ಮನೆಯ ಋಣವನ್ನು ಸ್ಮರಿಸಿ ಅವರು ಮಾಡಿದ ಈ ಸೇವೆಯನ್ನು ಹಗುರಾಗಿ ಕಾಣುವುದು ಈ ಲೇಖನದ ಉದ್ದೇಶವಲ್ಲ. ಹಲಗೆಯ ಮೇಲೆ ಮೂಡುವ ಪಾಠಗಳನ್ನು ಒಂದು ಕೃತಿಯೆಂದು ಎಣಿಸಿ, ಕಾವ್ಯವನ್ನೋ ನಾಟಕವನ್ನೋ ಪರೀಕ್ಷಿಸುವಂತೆ ಪರೀಕ್ಷಿಸಬೇಕೆಂಬುದು ನನ್ನ ಅಪೇಕ್ಷೆ. ಅಂತಹ ವಿಮರ್ಶೆ ನಮ್ಮಲ್ಲಿ ಇಲ್ಲವೆಂಬಷ್ಟು ವಿರಳವಾಗಿದೆ.

ಇದಕ್ಕೊಂದು ನಿದರ್ಶನವನ್ನು ಗಮನಿಸಿರಿ. 2022ರಲ್ಲಿ ಒಂಬತ್ತನೆಯ ತರಗತಿಯ ಸಮಾಜವಿಜ್ಞಾನದ ಪುಸ್ತಕದಲ್ಲಿ ಬಸವಣ್ಣನವರನ್ನು ಕುರಿತ ಭಾಗವು ಪರಿಷ್ಕರಣಕ್ಕೆ ಒಳಗಾದಾಗ ನಾಡಿನ ಮಠಾಧೀಶರೂ ಸಾಹಿತಿಗಳೂ ಅದನ್ನು ಸಾಲುಸಾಲಾಗಿ ಓದಿ ಆಕ್ಷೇಪವೆತ್ತಿದರು. ಅಚ್ಚಾದ ಅಕ್ಷರಕ್ಕೆ ಅಷ್ಟು ಕಾವಲಿದೆ, ಅದು ಇರತಕ್ಕದ್ದೇ. ಆದರೆ ಅದೇ ಪಾಠದ ಚಲಚ್ಚಿತ್ರರೂಪವನ್ನು, ಮಕ್ಕಳು ಪುಸ್ತಕಕ್ಕಿಂತ ಮಿಗಿಲಾದ ಕುತೂಹಲದಿಂದ ನೋಡುವ ಹತ್ತು ನಿಮಿಷಗಳ ಆ ಕೃತಿಯನ್ನು, ಆದ್ಯಂತ ನೋಡಿದ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು?

ತೆರೆಯ ಮೇಲಿನ ಪಾಠವೆಂಬುದು ನಮ್ಮ ಸೀಮೆಗೆ ತೀರ ಹೊಸದೂ ಅಲ್ಲ. ವಯಸ್ಸಾದ ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ನೇರವಾಗಿ ಇಳಿದು ಬಂದುವು. 'ಸೈಟ್' ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದುದು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಬೆಳಗಿನ ಶಾಲಾ ಪ್ರಸಾರದಲ್ಲಿ ಒಂದೊಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. ವಿದ್ಯುತ್ತು ಕಾಣದ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆಗಳನ್ನು ಇರಿಸಲಾಗಿತ್ತು. ಆ ಸಾಹಸವನ್ನು ನೆನೆದರೆ ಇಂದಿಗೂ ಗೌರವ ಮೂಡುತ್ತದೆ. ಆದರೂ ಆ ಪಾಠಕ್ಕೆ ಒಂದು ಸಹಜವಾದ ಕೊರತೆ ಇತ್ತು. ಅದು ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ. ಅರ್ಥವಾಗದ ಹುಡುಗನು ಕೈಯೆತ್ತಿದರೆ ಕಾಣುವ ಕಣ್ಣು ಆ ಪೆಟ್ಟಿಗೆಗೆ ಇರಲಿಲ್ಲ, ಮೇಷ್ಟರೂ ಮಕ್ಕಳ ಜೊತೆಗೆ ಪ್ರೇಕ್ಷಕರಾಗಿ ಕುಳಿತುಕೊಳ್ಳಬೇಕಾಗುತ್ತಿತ್ತು. ಆ ಪ್ರಯೋಗವನ್ನು ರೂಪಿಸಿದವರಿಗೆ ಇದು ತಿಳಿಯದಿರಲಿಲ್ಲ. ಅದೇ ಅವಧಿಯಲ್ಲಿ ಸುಮಾರು ಐವತ್ತು ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನೀಡುವಾಗ ಅವರು ದೂರದರ್ಶನವೊಂದನ್ನೇ ನೆಚ್ಚದೆ, ರೇಡಿಯೋ, ಅಚ್ಚಿನ ಪಾಠ, ಕೈಯಾರೆ ಮಾಡುವ ಪ್ರಯೋಗ, ಎದುರುಬದುರು ಚರ್ಚೆ ಇವೆಲ್ಲವನ್ನೂ ಹೆಣೆದಿದ್ದರು.

ಇಂದಿನ ಹಲಗೆಗೆ ಆ ಕೊರತೆ ಇಲ್ಲ. ಅದು ನಿಲ್ಲುತ್ತದೆ, ಹಿಂದೆ ಸರಿಯುತ್ತದೆ, ಬೆರಳಿಗೆ ಮಣಿಯುತ್ತದೆ. 2017ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ದೀಕ್ಷಾ ವೇದಿಕೆಯ ಮೂಲಕ ನಮ್ಮ ಕನ್ನಡ ಪಠ್ಯಪುಸ್ತಕಗಳ ಪುಟಗಳಲ್ಲಿಯೇ ಕ್ಯೂಆರ್ ಸಂಕೇತಗಳು ಮುದ್ರಿತವಾಗಿ, ಫೋನು ಹಿಡಿದರೆ ಪಾಠದ ದೃಶ್ಯವು ತೆರೆದುಕೊಳ್ಳುವಂತಾಗಿದೆ. ಇಷ್ಟು ಶಕ್ತಿಯುಳ್ಳ ಸಾಧನವನ್ನು ಬಹುಮಟ್ಟಿಗೆ ನಾವು ಬಳಸುತ್ತಿರುವ ರೀತಿ ಮಾತ್ರ 1975ರ ಪೆಟ್ಟಿಗೆಯದೇ. ಗುಂಡಿ ಒತ್ತುವುದು, ಕೊಠಡಿಯ ಕಿಟಕಿ ಮುಚ್ಚುವುದು, ನಲವತ್ತು ಮಕ್ಕಳನ್ನು ಸುಮ್ಮನೆ ಕೂರಿಸುವುದು. ಮಕ್ಕಳು ಸದ್ದಿಲ್ಲದೆ ನೋಡಿದರೆಂದರೆ ಪಾಠವು ಯಶಸ್ವಿಯಾಯಿತೆಂದು ತಿಳಿಯುತ್ತೇವೆ. ಸಿನಿಮಾ ಟಾಕೀಸಿನಲ್ಲಿಯೂ ಅವರು ಸದ್ದಿಲ್ಲದೆಯೇ ನೋಡುತ್ತಾರೆ!

ಹಾಗಾದರೆ ಒಳ್ಳೆಯ ಪಾಠವನ್ನು ಗುರುತಿಸುವುದು ಹೇಗೆ? ನಾನು ಮಾನದಂಡಗಳ ಪಟ್ಟಿಯನ್ನು ಒಪ್ಪಿಸಲಾರೆ, ಒಂದು ಪಾಠವನ್ನು ವಿವರಿಸುತ್ತೇನೆ. ಗೂಗಲ್ ಅರ್ತ್ ಎಂಬ ಸಾಧನದಲ್ಲಿ 1984ರಿಂದ ಈಚೆಗೆ ಉಪಗ್ರಹಗಳು ತೆಗೆದ ಚಿತ್ರಗಳನ್ನು ವರ್ಷವರ್ಷಕ್ಕೆ ಪೋಣಿಸಿ, ಯಾವ ಊರಿನ ನೆಲವಾದರೂ ಬದಲಾದ ಬಗೆಯನ್ನು ಕಣ್ಣೆದುರು ಓಡಿಸುವ ಸೌಕರ್ಯವಿದೆ. ಬಾಗಲಕೋಟೆ ಜಿಲ್ಲೆಯ ಶಾಲೆಯೊಂದರ ಮೇಷ್ಟರು ಹಲಗೆಯ ಮೇಲೆ ಕೃಷ್ಣೆಯ ಪಾತ್ರವನ್ನು ತೆರೆದರೆಂದು ಭಾವಿಸಿರಿ. ಮೊದಲ ವರ್ಷಗಳಲ್ಲಿ ನದಿಯು ತೆಳುವಾದ ಎಳೆ. ಆಲಮಟ್ಟಿಯ ಅಣೆಕಟ್ಟು ಏರಿದಂತೆ ಆ ಎಳೆಯು ಹಿಗ್ಗುತ್ತದೆ. ಘಟಪ್ರಭೆಯ ದಂಡೆಯ ಹೊಲಗಳು ನೀಲಿಯಾಗುತ್ತವೆ. ಹಳೆಯ ಬಾಗಲಕೋಟೆಯ ಒಂದು ಅಂಚು ಕರಗುತ್ತದೆ, ದೂರದಲ್ಲಿ ನವನಗರದ ನೇರವಾದ ರಸ್ತೆಗಳು ಚೌಕಚೌಕವಾಗಿ ಮೂಡುತ್ತವೆ. ಕೆಳಗೆ, ಕೃಷ್ಣೆಗೆ ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ, ನಾರಾಯಣಪುರದ ಜಲಾಶಯದ ನೀರು ಮೊದಲೇ ಬಂದು ನಿಂತಿದೆ. ಇಷ್ಟನ್ನು ತೋರಿಸಲು ಐದು ನಿಮಿಷ ಸಾಕು.

ಇಲ್ಲಿ ಮೇಷ್ಟರು ಚಿತ್ರವನ್ನು ನಿಲ್ಲಿಸುತ್ತಾರೆ. ನೀರು ಯಾವ ವರ್ಷ ಹೆಚ್ಚು ಹರಡಿತು? ಮುಳುಗಿದುದು ಕಪ್ಪು ನೆಲವೋ ಕೆಂಪು ನೆಲವೋ? ಒಬ್ಬ ಹುಡುಗಿ ಎದ್ದು ಬಂದು ತನ್ನ ಬೆರಳಿನಿಂದ ಚಿತ್ರವನ್ನು ಹಿಂದಕ್ಕೆ ಸರಿಸಿ ನೋಡಿ ಉತ್ತರ ಹೇಳುತ್ತಾಳೆ. ಆ ಸಂಜೆ ಮನೆಯಲ್ಲಿ ಅಜ್ಜಿಯನ್ನು ಕೇಳುತ್ತಾಳೆ, ನಮ್ಮ ಹಳೇ ಮನೆ ಎಲ್ಲಿತ್ತೆಂದು. 'ಮುಳುಗಡೆ' ಎಂಬ ಮಾತು ಆ ಸೀಮೆಯ ಮನೆಮನೆಯಲ್ಲಿಯೂ ಉಂಟು. ಅದರ ಅಳತೆ ಆಕೆಗೆ ಕಂಡುದು ಅಂದೇ. ಪರಿಹಾರ, ಪುನರ್ವಸತಿ, ನೀರಾವರಿ, ಅತ್ತ ದಂಡೆಯ ಲಾಭ, ಇತ್ತ ದಂಡೆಯ ನಷ್ಟ ಇವೆಲ್ಲವೂ ಮರುದಿನದ ಚರ್ಚೆಗೆ ತಾವಾಗಿ ಬರುತ್ತವೆ. ಇಪ್ಪತ್ತು ವರ್ಷಗಳ ಬದಲಾವಣೆಯನ್ನು ಬರಿಯ ಕಣ್ಣು ಒಂದೇ ನೋಟದಲ್ಲಿ ಹಿಡಿಯಲಾರದು, ಸೀಮೆಸುಣ್ಣದಿಂದ ಬರೆಯಲೂ ಬಾರದು. ಸಾಧನವು ತನ್ನಿಂದಷ್ಟೇ ಆಗಬಹುದಾದ ಕೆಲಸವನ್ನು ಮಾಡಿತು, ಉಳಿದುದನ್ನು ಮಕ್ಕಳಿಗೂ ಅಜ್ಜಿಗೂ ಬಿಟ್ಟಿತು. ಈ ಪಾಠವನ್ನು ನಾನು ಉತ್ತಮವೆಂದು ಕರೆಯುತ್ತೇನೆ.

ವಿಜ್ಞಾನದ ವಿಷಯದಲ್ಲಿಯೂ ಇದೇ ಮಾತನ್ನು ಅನ್ವಯಿಸಬಹುದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದ ಫೆಟ್ ಎಂಬ ಯೋಜನೆಯು ಉಚಿತವಾಗಿ ಒದಗಿಸುವ ಪ್ರಯೋಗಗಳಲ್ಲಿ ವಿದ್ಯುನ್ಮಂಡಲದ ಪ್ರಯೋಗವೊಂದಿದೆ. ವಿದ್ಯಾರ್ಥಿಯು ತೆರೆಯ ಮೇಲೆ ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ಜೋಡಿಸಿದರೆ ಎಲೆಕ್ಟ್ರಾನುಗಳು ನೀಲಿ ಚುಕ್ಕಿಗಳಾಗಿ ಹರಿಯತೊಡಗುತ್ತವೆ. ತಪ್ಪಾಗಿ ಜೋಡಿಸಿದರೆ ಬ್ಯಾಟರಿಗೆ ಬೆಂಕಿ ಹತ್ತಿದಂತೆ ತೋರುತ್ತದೆ, ಯಾರ ಕೈಯೂ ಸುಡುವುದಿಲ್ಲ. ತಂತಿಯೊಳಗಿನ ಹರಿವನ್ನು ಕಾಣಿಸುವುದಕ್ಕೆ ಇದು ಬಹಳ ಯೋಗ್ಯವಾದುದು. ಆದರೆ ಬಲ್ಬು ಹೊತ್ತುವುದನ್ನು ತೋರಿಸುವುದಕ್ಕಾಗಿಯೇ ಇದನ್ನು ಬಳಸುವುದಾದರೆ, ಅಂಗಡಿಯಿಂದ ಎರಡು ಸೆಲ್ಲು ಮತ್ತು ಒಂದು ಟಾರ್ಚಿನ ಬಲ್ಬು ತಂದು ಹುಡುಗನ ಕೈಯಲ್ಲಿ ಕೊಡುವುದು ಮೇಲು. ಚಂದ್ರನ ಕಲೆಗಳ ಪಾಠವೂ ಹೀಗೆಯೇ. ಅಮಾವಾಸ್ಯೆ ಹುಣ್ಣಿಮೆಗಳ ಲೆಕ್ಕದಲ್ಲಿಯೇ ಗೋಷ್ಠಿ, ಪೂಜೆಗಳು ನಡೆಯುವ ಮಠದ ಅಂಗಳದಲ್ಲಿ ಬೆಳೆಯುವ ಮಕ್ಕಳು ಹದಿನೈದು ಸಂಜೆ ಆಕಾಶ ನೋಡಿ ಪುಸ್ತಕದಲ್ಲಿ ಚಂದ್ರನನ್ನು ಬರೆದ ಮೇಲೆ ತೆರೆಯ ಮೇಲಿನ ಗೋಳಗಳನ್ನು ನೋಡಲಿ. ಚಂದ್ರನು ಕ್ಷೀಣಿಸುವುದು ಭೂಮಿಯ ನೆರಳಿನಿಂದ ಎಂಬ ತಪ್ಪು ತಿಳಿವಳಿಕೆಯು ಆಗ ಎಷ್ಟು ಸುಲಭವಾಗಿ ಬಿಡುವುದೆಂಬುದನ್ನು ಶಿಕ್ಷಕರು ತಾವೇ ಕಾಣುವರು.

ಇನ್ನು ನಮ್ಮ ಹೃದಯಕ್ಕೆ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ವಚನಗಳನ್ನು ಕುರಿತ ದೃಶ್ಯಪಾಠಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಹೆಸರು ಹೇಳುವ ಅಗತ್ಯವಿಲ್ಲ, ಬಹುಪಾಲು ಒಂದೇ ಅಚ್ಚಿನವು. ಮೊದಲು ಮೇಘಗಳ ನಡುವಿನಿಂದ ಬೆಳಕು ಇಳಿಯುತ್ತದೆ. ಕೊಳಲೋ ವೀಣೆಯೋ ಮೊಳಗಲಾರಂಭಿಸಿ ಕೊನೆಯವರೆಗೂ ನಿಲ್ಲುವುದಿಲ್ಲ. ಕ್ಯಾಲೆಂಡರಿನಿಂದ ಎದ್ದು ಬಂದಂತಹ ಶರಣರ ಚಿತ್ರವು ತುಟಿಯನ್ನಷ್ಟೇ ಅಲುಗಿಸುತ್ತದೆ. ವಚನದ ಸಾಲುಗಳು ತೆರೆಯ ಮೇಲೆ ಮೂಡುತ್ತವೆ, ಅವನ್ನೇ ಒಂದು ಕಂಠವು ಓದುತ್ತದೆ, ಕೂಡಲೇ ಅದೇ ಕಂಠವು ಅರ್ಥವನ್ನೂ ಹೇಳಿ ಮುಗಿಸುತ್ತದೆ. ವಚನದಲ್ಲಿ ಮರವೆಂದು ಬಂದರೆ ಮರದ ಚಿತ್ರ, ದೀಪವೆಂದು ಬಂದರೆ ದೀಪದ ಚಿತ್ರ. ಉಪಮೆಯು ಉಪಮೆಯಾಗಿ ಉಳಿಯುವುದೇ ಇಲ್ಲ. ಬೆಡಗಿನ ವಚನಕ್ಕೂ ಇದೇ ಗತಿ. ಒಗಟಾಗಿ ಮನಸ್ಸನ್ನು ಕಾಡಬೇಕಾದ ಮಾತು ಅಲ್ಲಿ ಬಣ್ಣದ ಗೊಂಬೆಯಾಗಿ ಕುಣಿದು ಹೋಗುತ್ತದೆ. ಹನ್ನೆರಡನೆಯ ಶತಮಾನದ ಶರಣರ ಮುಖಚರ್ಯೆಯನ್ನು ನಾವು ಕಲಾವಿದರ ಕಲ್ಪನೆಯಿಂದಷ್ಟೇ ಬಲ್ಲೆವು. ಭಕ್ತಿಯಿಂದ ಬರೆದ ಚಿತ್ರಗಳಿಗೆ ಪೂಜಾಗೃಹದಲ್ಲಿ ಸ್ಥಾನವುಂಟು. ತರಗತಿಯಲ್ಲಿ ಮಾತ್ರ ಮಗುವು ಮೊದಲು ವಚನದ ಮಾತನ್ನು ಎದುರುಗೊಳ್ಳಲಿ, ಮುಖವನ್ನು ತಾನೇ ಕಲ್ಪಿಸಿಕೊಳ್ಳಲಿ.

ಇದು ಕೇವಲ ಸಾಹಿತ್ಯಪ್ರಿಯನ ಗೊಣಗಾಟವೆಂದು ತಾವು ಭಾವಿಸಬಾರದು. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರು ದಶಕಗಳ ಕಾಲ ಇಂತಹ ಪಾಠಗಳನ್ನೇ ಪ್ರಯೋಗಕ್ಕೆ ಒಡ್ಡಿದ್ದಾರೆ. ಬರಿಯ ಮಾತಿಗಿಂತ ತಕ್ಕ ಚಿತ್ರದೊಡನೆ ಬಂದ ಮಾತು ಹೆಚ್ಚು ತಿಳಿಯುತ್ತದೆಂಬುದು ಅವರು ಕಂಡ ಮೊದಲ ಸಂಗತಿ. ಆದರೆ ಅಂದಕ್ಕಾಗಿ ಸೇರಿಸಿದ ಸಂಗೀತವೂ ವಿಷಯಕ್ಕೆ ಸಲ್ಲದ ಚಿತ್ರವೂ ಕಲಿಕೆಯನ್ನು ಕುಗ್ಗಿಸುತ್ತವೆ. ಚಿತ್ರದೊಡನೆ ಕಿವಿಗೆ ಹೇಳುತ್ತಿರುವ ಮಾತುಗಳನ್ನೇ ಕಣ್ಣಿಗೂ ಓದಿಸಿದರೆ ಮನಸ್ಸು ಇಬ್ಭಾಗವಾಗುತ್ತದೆ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ತೆರೆಯ ಮೇಲಿನ ಅಕ್ಷರಗಳು ನೆರವಾಗಬಲ್ಲವು, ಅವರ ಮಾತು ಬೇರೆ. ನಮ್ಮ ವಚನಪಾಠಗಳಾದರೋ ಮೇಯರ್ ಅವರು ಬೇಡವೆಂದ ಮೂರನ್ನೂ ಒಟ್ಟಿಗೆ ಮಾಡುತ್ತವೆ.

ವಚನಗಳಿಗೆ ಈ ಹಲಗೆಯು ಉಪಯೋಗವಿಲ್ಲವೆಂದು ನಾನು ಹೇಳುವುದಿಲ್ಲ, ಅದರ ಉಪಯೋಗವನ್ನು ನಾವು ಬೇರೆಡೆ ಹುಡುಕುತ್ತಿದ್ದೇವೆ ಎನ್ನುತ್ತೇನೆ. ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡವೋಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದುದನ್ನು ನಮ್ಮ ಮಕ್ಕಳು ಒಂದು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡುತ್ತಾರೆ. ಓಲೆಯೊಂದರ ಚಿತ್ರವನ್ನು ಹಲಗೆಯ ತುಂಬ ಹಿಗ್ಗಿಸಿ ತೋರಿಸಬಾರದೇಕೆ? ಅದರಲ್ಲಿ ಪದಪದಗಳ ನಡುವೆ ಎಡೆಯಿಲ್ಲ, ಸಾಲು ಒಡೆಯುವುದಿಲ್ಲ, ಅಕ್ಷರಗಳು ಬಳ್ಳಿಯಂತೆ ಹೆಣೆದಿವೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಬೆರಳಿನಿಂದ ಗೆರೆಯೆಳೆದು ಪದಗಳನ್ನು ಬಿಡಿಸಲಿ, ಅಂಕಿತವನ್ನು ಗುರುತಿಸಲಿ. ಒಬ್ಬನು ಒಡೆದಂತೆ ಇನ್ನೊಬ್ಬನು ಒಡೆಯುವುದಿಲ್ಲ, ಜಗಳ ಬರುತ್ತದೆ. ಅರ್ಥವೆಂಬುದು ಪುಸ್ತಕದ ಕೊನೆಯಲ್ಲಿ ಸಿದ್ಧವಾಗಿ ಕುಳಿತಿರುವ ವಸ್ತುವಲ್ಲವೆಂಬುದು ಆ ಜಗಳದಲ್ಲಿ ತಿಳಿಯುತ್ತದೆ. ಹಾಗೆಯೇ 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳ ನಡುವೆ ಬೇಕಾದ ಒಂದು ಪದವನ್ನು ಹುಡುಕಬಹುದು. 'ಕಾಯಕ' ಎಂಬ ಪದವನ್ನು ಯಾರು ಯಾರು ಯಾವ ಸಂದರ್ಭದಲ್ಲಿ ಬಳಸಿದ್ದಾರೆಂದು ಹತ್ತನೆಯ ತರಗತಿಯ ಹುಡುಗನು ಒಂದು ತಾಸಿನಲ್ಲಿ ಪಟ್ಟಿ ಮಾಡಬಲ್ಲನು. ಹಿಂದೆ ವಿದ್ವಾಂಸರಿಗೆ ತಿಂಗಳುಗಳೇ ಬೇಕಾಗುತ್ತಿದ್ದ ಕೆಲಸವಿದು! ಚಲಿಸುವ ಚಿತ್ರಗಳ ಗುಂಗಿನಲ್ಲಿ ಇದನ್ನು ಯಾರೂ ಮಕ್ಕಳಿಗೆ ತೋರಿಸುವುದಿಲ್ಲ.

ಭಾಷೆಯ ಬಗ್ಗೆ ಎರಡು ಮಾತು. ಪೇಟೆಯಲ್ಲಿ ಮಾರಾಟಕ್ಕಿರುವ ಪಾಠಗಳಲ್ಲಿ ಹಲವು ಬೇರೆ ಭಾಷೆಯಲ್ಲಿ ಹುಟ್ಟಿ ಕನ್ನಡದ ಧ್ವನಿಯನ್ನು ಎರವಲು ಪಡೆದವು. ಚಿತ್ರದ ಮೇಲಿನ ಹೆಸರುಗಳು ಇಂಗ್ಲಿಷಿನಲ್ಲಿಯೇ ಉಳಿದಿರುತ್ತವೆ, ಹೊಲದ ಚಿತ್ರದಲ್ಲಿ ನಮ್ಮ ಜೋಳ ಕಾಣುವುದಿಲ್ಲ. ಕೊಳ್ಳುವ ಮುನ್ನ ಆಡಳಿತ ಮಂಡಳಿಯವರು ಒಂದು ಪಾಠವನ್ನಾದರೂ ಕಣ್ಣು ಮುಚ್ಚಿ ಕೇಳಬೇಕು. ಕೇವಲ ಕಿವಿಯ ಬಲದಿಂದ ವಿದ್ಯೆ ಕಲಿಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯನ್ನು ಬಲ್ಲ ನಮಗೆ, ಧ್ವನಿಯೂ ಒಂದು ಪಾಠವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯದಾಗಿ ದಾನಿಗಳಾದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಯುನೆಸ್ಕೊ ಸಂಸ್ಥೆಯು 2023ರಲ್ಲಿ ಹೊರತಂದ ಶಿಕ್ಷಣ ವರದಿಯ ಪ್ರಕಾರ ಈ ಬಗೆಯ ಸಾಧನ ಸಾಮಗ್ರಿಗಳು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತವೆ. ಅವುಗಳ ಪ್ರಯೋಜನದ ಬಗ್ಗೆ ನಿಷ್ಪಕ್ಷಪಾತವಾದ ಪುರಾವೆಯೂ ಸಾಲದಾಗಿದೆಯೆಂದು ಅದೇ ವರದಿ ಹೇಳುತ್ತದೆ. ಹಲಗೆಯ ಬೆಲೆಯನ್ನು ಕೊಟ್ಟು ಕೈತೊಳೆದುಕೊಂಡರೆ ನಾಲ್ಕನೆಯ ವರ್ಷ ಅದು ಗೋಡೆಯ ಭಾರವಾಗುತ್ತದೆ. ಕರೆಂಟು ಹೋದಾಗ ನಡೆಸುವ ಬ್ಯಾಟರಿಯು ಅದಕ್ಕೂ ಮೊದಲೇ ಕೈಕೊಡುತ್ತದೆ. ಆದುದರಿಂದ ತಾವು ಮುಂದಿನ ಜಾತ್ರೆಗೆ ಮಠಕ್ಕೆ ಬಂದಾಗ ಶಾಲೆಯ ಕಡೆಗೂ ಹೆಜ್ಜೆ ಹಾಕಿರಿ. ಹಲಗೆ ಬೆಳಗುತ್ತಿದೆಯೇ ಎಂದಷ್ಟೇ ನೋಡಿ ಹಿಂದಿರುಗದೆ, ಮೇಷ್ಟರು ತಾವಾಗಿ ಸಿದ್ಧಪಡಿಸಿದ ಒಂದು ಪಾಠವನ್ನು ತೋರಿಸೆಂದು ಕೇಳಿರಿ. ಬಹುಶಃ ಅವರು ಸಂಕೋಚಪಡುತ್ತಾರೆ. ವಾರಕ್ಕೆ ಅಷ್ಟೊಂದು ಪೀರಿಯಡ್ಡುಗಳು, ಮೇಲೆ ದಾಖಲಾತಿಯ ಕೆಲಸ, ಅವರಿಗೆ ವೇಳೆ ಎಲ್ಲಿಯದು? ಕೃಷ್ಣೆಯ ಆ ಐದು ನಿಮಿಷಗಳನ್ನು ಜೋಡಿಸಲು ಒಬ್ಬ ಶಿಕ್ಷಕನಿಗೆ ಎರಡು ಸಂಜೆಯಾದರೂ ಬೇಕು. ಮೇ ತಿಂಗಳ ರಜೆಯಲ್ಲಿ ಹತ್ತು ದಿನ ಮಠದಲ್ಲಿಯೇ ಇಪ್ಪತ್ತು ಮಂದಿ ಶಿಕ್ಷಕರನ್ನು ಕೂಡಿಸಿ, ಪ್ರಸಾದದ ವ್ಯವಸ್ಥೆ ಮಾಡಿ, ಅವರ ಶ್ರಮಕ್ಕೆ ಗೌರವಧನ ಕೊಟ್ಟು, ತಮ್ಮ ತಾಲ್ಲೂಕಿನ ನದಿ, ಬೆಳೆ, ಶಾಸನ, ಓಲೆಗಳ ಪಾಠಗಳನ್ನು ಅವರಿಂದಲೇ ಕಟ್ಟಿಸಬಹುದು. ತಂತ್ರಜ್ಞಾನವನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ಎರಡು ದಿನ ಬಂದು ಪಕ್ಕದಲ್ಲಿ ಕುಳಿತರೆ ಹಣಕ್ಕಿಂತ ದೊಡ್ಡ ಉಪಕಾರವಾದೀತು. ಹಾಗೆ ಸಿದ್ಧವಾದ ಪಾಠಗಳನ್ನು ಕಟ್ಟಿದವರ ಹೆಸರಿನೊಡನೆ ಉಳಿಸಿಟ್ಟು, ಮಠದ ಉಳಿದ ಶಾಲೆಗಳಿಗೂ ಜೂನ್ ತಿಂಗಳೊಳಗೆ ಕಳುಹಿಸಿದರೆ ಶಾಲೆ ತೆರೆಯುವ ಹೊತ್ತಿಗೆ ಅವು ತರಗತಿಯಲ್ಲಿರುತ್ತವೆ.