ಈರುಳ್ಳಿ ಪೊರೆಯಾಚೆಗೆ ಸೂಕ್ಷ್ಮದರ್ಶಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ನಾನು ಕಂಡ ಸೂಕ್ಷ್ಮದರ್ಶಕಗಳೆಲ್ಲ ಜೀವಶಾಸ್ತ್ರದ ಸ್ವತ್ತು. ಈರುಳ್ಳಿ ಪೊರೆ, ಕೆನ್ನೆಯ ಒಳಪದರದ ಜೀವಕೋಶ, ಎಲೆಯ ಪತ್ರರಂಧ್ರ ತೋರಿಸಿ ಅವು ಮತ್ತೆ ಬೀರು ಸೇರುತ್ತವೆ. ವಿದ್ಯುತ್ತು, ಕಾಂತತೆಯ ಪಾಠಕ್ಕೆ ಅವನ್ನು ಹೊರತೆಗೆಯುವ ಮೇಷ್ಟ್ರು ಅಪರೂಪ. ಹಾಗೆ ತೆಗೆದವರು ಮಾಡುವುದೂ ಬಹುಮಟ್ಟಿಗೆ ಒಂದೇ ಕೆಲಸ: ಹಾಳೆಯ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಅಡಿಗೆ ದಂಡಕಾಂತ ಇಟ್ಟು, "ಬಲರೇಖೆ ಕಾಣ್ತದ, ನೋಡ್ರಿ" ಎಂದು ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು. ಆ ಉತ್ಸಾಹವನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಅಲ್ಲಿ ಹೇಳುವ ಮಾತು ಸರಿಯಲ್ಲ.

ಮಸೂರದಡಿ ಕಾಣುವುದು ಬಲರೇಖೆಯಲ್ಲ, ಕಬ್ಬಿಣ. ಒಂದೊಂದು ಚೂರೂ ತಾನೇ ಪುಟ್ಟ ಕಾಂತವಾಗಿ, ತನ್ನ ತಲೆಯನ್ನು ಮುಂದಿನದರ ಬಾಲಕ್ಕೆ ಸೇರಿಸಿ ಸರಪಳಿ ಕಟ್ಟುತ್ತದೆ. ಪಕ್ಕದ ಸರಪಳಿಯಲ್ಲಿ ಅದೇ ದಿಕ್ಕಿಗೆ ಮುಖ ಮಾಡಿದ ಚೂರುಗಳಿರುವುದರಿಂದ ಎರಡೂ ಒಂದನ್ನೊಂದು ವಿಕರ್ಷಿಸಿ ದೂರ ಸರಿಯುತ್ತವೆ. ನಡುವೆ ಉಳಿದ ಖಾಲಿ ಜಾಗ ಹುಟ್ಟುವುದು ಇದರಿಂದ; ಅಲ್ಲಿ ಕಾಂತಕ್ಷೇತ್ರ ಇಲ್ಲವೆಂದಲ್ಲ. ಹತ್ತನೆಯ ತರಗತಿಯ ಪುಸ್ತಕದ ಚಿತ್ರ ನೋಡಿದ ಮಗು, ಕಾಂತದಿಂದ ದಾರಗಳು ಹೊರಟಿವೆ, ದಾರ ಇಲ್ಲದಲ್ಲಿ ಏನೂ ಇಲ್ಲ ಎಂದು ನಂಬಿಬಿಡುತ್ತದೆ. ಸೂಕ್ಷ್ಮದರ್ಶಕವನ್ನು ಈ ನಂಬಿಕೆಯನ್ನು ಗಟ್ಟಿಮಾಡಲು ಬಳಸುವುದು ನಷ್ಟ. ಒಡೆಯಲು ಬಳಸಿದರೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಹಾಳೆಯನ್ನು ಮತ್ತೊಮ್ಮೆ ತಟ್ಟಿರಿ, ಸರಪಳಿಗಳು ಬೇರೆ ಜಾಗದಲ್ಲಿ ಕೂರುತ್ತವೆ. ಖಾಲಿ ಜಾಗಕ್ಕೆ ಇನ್ನೂ ನುಣುಪಾದ ಪುಡಿ ಹಾಕಿರಿ, ಅಲ್ಲೂ ಸಾಲು ಮೂಡುತ್ತದೆ. ಕಾಂತ ಮಾತ್ರ ಇದ್ದಲ್ಲೇ ಇದೆ. ಹಾಗಾದರೆ ರೇಖೆ ಯಾರದು? ಈ ಪ್ರಶ್ನೆ ಮಕ್ಕಳ ಬಾಯಿಂದ ಬಂದರೆ ಪಾಠ ಗೆದ್ದಂತೆ.

ನುಣುಪಾದ ಪುಡಿಗೆ ಅಂಗಡಿಗೆ ಹೋಗಬೇಕಿಲ್ಲ. ಹಳೆಯ ಸ್ಪೀಕರಿನ ಸೂಜಿಗಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಚಿಕ್ಕಹಗರಿಯ ಮರಳಿನಲ್ಲೋ ತುಂಗಭದ್ರೆಯ ದಂಡೆಯಲ್ಲೋ ಎಳೆದರೆ ಕರಿಪುಡಿ ಅಂಟಿಕೊಂಡು ಬರುತ್ತದೆ. ಅದು ಬಹುಮಟ್ಟಿಗೆ ಮ್ಯಾಗ್ನೆಟೈಟ್. ಚೀಲ ಬಿಚ್ಚಿ ತಿರುವಿದರೆ ಪುಡಿ ಉದುರುತ್ತದೆ. ಕೂಡ್ಲಿಗಿಗೆ ಹೊಂದಿಕೊಂಡೇ ಸಂಡೂರಿನ ಅದಿರುಗುಡ್ಡಗಳಿವೆ. ಅಲ್ಲಿಯ ಕೆಂಪು ಹೆಮಟೈಟಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಅದು ಇದೇ ಸೂಜಿಗಲ್ಲಿಗೆ ಅಷ್ಟಾಗಿ ಮಣಿಯುವುದಿಲ್ಲ. ಎರಡನ್ನೂ ಅಕ್ಕಪಕ್ಕ ಸ್ಲೈಡಿನ ಮೇಲಿಟ್ಟು ನೋಡುವುದು ನಮ್ಮ ಮಕ್ಕಳಿಗೆ ಊರಿನ ನೆಲವನ್ನೇ ಓದಿದ ಹಾಗೆ. ಒಂದು ಎಚ್ಚರಿಕೆ: ಪುಡಿಯ ಮೇಲೆ ಇನ್ನೊಂದು ಗಾಜು ಮುಚ್ಚಿಯೇ ಇಡಬೇಕು. ಒಂದು ಕಣ ಮಸೂರಕ್ಕೆ ಅಂಟಿ, ಅದನ್ನು ಕರವಸ್ತ್ರದಿಂದ ಒರೆಸಿದರೆ, ಶಾಲೆಗಿದ್ದ ಒಂದೇ ಉಪಕರಣಕ್ಕೆ ಗೀರು ಬಿದ್ದಂತೆಯೇ.

ಇಷ್ಟಾದರೂ ಇದು ನೋಟದ ಮಟ್ಟದಲ್ಲೇ ನಿಲ್ಲುತ್ತದೆ. ನನ್ನ ಮುಖ್ಯ ತಕರಾರು ಇಲ್ಲಿದೆ: ನಾವು ಸೂಕ್ಷ್ಮದರ್ಶಕವನ್ನು ದೊಡ್ಡದು ಮಾಡಿ ತೋರಿಸುವ ಕನ್ನಡಿಯಾಗಿ ಮಾತ್ರ ಬಳಸುತ್ತೇವೆ, ಅಳೆಯುವ ಸಾಧನವಾಗಿ ಅಲ್ಲ. ವಿದ್ಯುತ್ತಿನ ಚರಿತ್ರೆಯಲ್ಲಿ ಅದು ಗೆದ್ದಿರುವುದು ಅಳತೆಯಲ್ಲೇ. ಭೌತವಿಜ್ಞಾನಿ ಮಿಲಿಕನ್ 1909ರಿಂದ ಎಣ್ಣೆಹನಿಗಳನ್ನು ಗೆರೆ ಹಾಕಿದ ಐಪೀಸಿನಲ್ಲಿ ನೋಡುತ್ತಾ, ಎರಡು ಗೆರೆ ದಾಟಲು ಹಿಡಿದ ಹೊತ್ತಿನಿಂದ ಎಲೆಕ್ಟ್ರಾನಿನ ವಿದ್ಯುದಾವೇಶ ಲೆಕ್ಕಹಾಕಿದರು. ಅದಕ್ಕೂ ಮುಂಚೆ, 20ನೇ ಶತಮಾನದ ಮೊದಲ ವರ್ಷಗಳಲ್ಲಿ, ನೆದರ್ಲೆಂಡ್ಸಿನ ಐಂತೋವನ್ ಬೆಳ್ಳಿ ಲೇಪಿಸಿದ ಸ್ಫಟಿಕದ ಎಳೆಯೊಂದನ್ನು ಬಲವಾದ ವಿದ್ಯುತ್ಕಾಂತದ ಧ್ರುವಗಳ ನಡುವೆ ಬಿಗಿದರು. ಹೃದಯದಿಂದ ಬಂದ ಅತಿ ಸಣ್ಣ ವಿದ್ಯುತ್ತು ಹರಿದಾಗ ಎಳೆ ಅಲುಗುತ್ತಿತ್ತು. ಧ್ರುವಗಳಿಗೇ ರಂಧ್ರ ಕೊರೆದು ಕೂರಿಸಿದ ಸೂಕ್ಷ್ಮದರ್ಶಕ ಆ ಅಲುಗಾಟವನ್ನು ಹಿಗ್ಗಿಸಿ ತೋರಿಸುತ್ತಿತ್ತು. ಇಸಿಜಿಗೆ ಬುನಾದಿಯಾದ ಆ ಕೆಲಸಕ್ಕೆ 1924ರಲ್ಲಿ ನೊಬೆಲ್ ಬಂತು.

ಇದೇ ತತ್ವ ನಮ್ಮ ಪಠ್ಯದಲ್ಲೂ ಇದೆ: ಲಾಳಾಕಾರದ ಕಾಂತದ ನಡುವೆ ತೂಗುಹಾಕಿದ ಅಲ್ಯೂಮಿನಿಯಂ ಸರಳು. ಇಳಿದುಹೋದ ಸೆಲ್ಲು, ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದು ಬಲಗುಂದಿದ ಕಾಂತ ಸೇರಿದರೆ ಸರಳು ಅಲುಗುವುದಿಲ್ಲ. "ಅಲುಗಿತು ಅಂತ ಬರ್ಕೊಳ್ರಿ" ಎನ್ನುವಲ್ಲಿಗೆ ವಿಜ್ಞಾನ ಮುಗಿಯುತ್ತದೆ. ನನಗೆ ಅತ್ಯಂತ ನೋವಿನ ಸಂಗತಿ ಇದು. ಸರಳಿನ ಬದಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಿಂದ ಒಂದು ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಸ್ವಲ್ಪ ಸಡಿಲವಾಗಿ ಸ್ಲೈಡಿನ ಮೇಲೆ ಕಟ್ಟಿ, ಕೆಳಗೆ ಚಪ್ಪಟೆ ಕಾಂತ ಇಟ್ಟು, ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ನೋಡಲಿ. ಸೆಲ್ಲಿನ ಜೊತೆ ಸಾಲಿನಲ್ಲಿ ಒಂದು ರೋಧಕ ಇರಲೇಬೇಕು. ಇಲ್ಲದಿದ್ದರೆ ಅದು ಶಾರ್ಟ್ ಸರ್ಕೀಟ್. ಆರು ಸೆಂಟಿಮೀಟರ್ ಪಟ್ಟಿಯ ತೂಕ ಕೆಲವೇ ಮಿಲಿಗ್ರಾಂ. ಹಾಗಾಗಿ ಸಣ್ಣ ವಿದ್ಯುತ್ತಿಗೂ ಅದರ ಅಂಚು ಸರಿಯುವುದು ಕಾಣಬೇಕು. ತಂತಿ ತಿರುಗಿಸಿ ಜೋಡಿಸಿದರೆ ಇನ್ನೊಂದು ಕಡೆಗೆ ಸರಿಯಬೇಕು. ಸೂಕ್ಷ್ಮದರ್ಶಕದಲ್ಲಿ ಎಡಬಲ ಅದಲುಬದಲಾಗುವುದನ್ನು ನೆನಪಿಟ್ಟುಕೊಂಡೇ ಫ್ಲೆಮಿಂಗರ ಎಡಗೈ ನಿಯಮವನ್ನು ಒರೆಗೆ ಹಚ್ಚಬೇಕು. ನಲವತ್ತು ಪಟ್ಟು ಹಿಗ್ಗಿಸುವ ಜೋಡಣೆಯಲ್ಲಿ ಒಮ್ಮೆಗೆ ಕಾಣುವ ವೃತ್ತದ ಅಗಲ ಸುಮಾರು 4.5 ಮಿಲಿಮೀಟರ್, ಪಾರದರ್ಶಕ ಸ್ಕೇಲ್ ಇಟ್ಟು ಮಕ್ಕಳೇ ಇದನ್ನು ಕಂಡುಕೊಳ್ಳಬಹುದು. ಆಮೇಲೆ ರೋಧ ಇಮ್ಮಡಿಯಾದಾಗ ಅಂಚು ಎಷ್ಟು ಕಡಿಮೆ ಸರಿಯಿತು ಎಂದು ಬರೆದುಕೊಂಡರೆ, ಬಲಕ್ಕೂ ವಿದ್ಯುತ್ತಿಗೂ ಇರುವ ನಂಟು ಬಾಯಿಪಾಠದಿಂದ ಹೊರಬರುತ್ತದೆ.

ಸುಟ್ಟ ಫ್ಯೂಸ್ ತಂತಿಯನ್ನೂ ಬಿಡಬಾರದು. ಇಕ್ಕಳದಿಂದ ಕತ್ತರಿಸಿದ ತುದಿ ಚಪ್ಪಟೆ. ಕರಗಿ ಹರಿದ ತುದಿ ಗುಂಡಗೆ ಮಣಿಯಂತೆ. ಟಿಸಿ (ಟ್ರಾನ್ಸ್‌ಫಾರ್ಮರ್) ಪೆಟ್ಟಿಗೆಯಲ್ಲಿ ಫ್ಯೂಸಿನ ಬದಲು ದಪ್ಪ ತಾಮ್ರದ ತಂತಿ ಸುತ್ತುವುದನ್ನು ಕಂಡು ಬೆಳೆದ ರೈತರ ಮಕ್ಕಳು ಆ ಮಣಿಯನ್ನು ನೋಡಲೇಬೇಕು.

ಪಿಯು ಕಾಲೇಜಿನ ಸ್ಥಿತಿ ಇನ್ನೊಂದು ಬಗೆ. ಅಲ್ಲಿ ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಇದೆ, 0.001 ಸೆಂಟಿಮೀಟರ್‌ವರೆಗೆ ಓದುತ್ತದೆ, ಆದರೆ ಗಾಜಿನ ಪಟ್ಟಿಕೆಯ ವಕ್ರೀಭವನಾಂಕಕ್ಕೆ ಮೀಸಲು. ಅದೇ ಕೋಣೆಯಲ್ಲಿ ಮೀಟರ್ ಬ್ರಿಜ್ಜಿನ ಮುಂದೆ ಕುಳಿತ ವಿದ್ಯಾರ್ಥಿ ತಂತಿಯ ವ್ಯಾಸವನ್ನು ಸ್ಕ್ರೂಗೇಜಿನಿಂದ ಅಳೆಯುತ್ತಾನೆ. ಎರಡರ ಲಘುತಮ ಮಾಪನವೂ 0.01 ಮಿಲಿಮೀಟರೇ; ಅಂಕಿಯಲ್ಲಿ ಲಾಭವಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 0.3 ಮಿಲಿಮೀಟರ್ ತಂತಿಯಲ್ಲಿ ಅಷ್ಟು ತಪ್ಪಿದರೆ ಶೇಕಡಾ 3ರಷ್ಟು, ತ್ರಿಜ್ಯದ ವರ್ಗ ಬರುವುದರಿಂದ ರೋಧಶೀಲತೆಯಲ್ಲಿ ಹೆಚ್ಚುಕಡಿಮೆ 7ರಷ್ಟು. ಹತ್ತು ವರ್ಷ ಮಡಚಿ ಬಿಚ್ಚಿದ ತಂತಿ ಎಲ್ಲಿ ಬಾಗಿದೆ, ಎಲ್ಲಿ ಸವೆದಿದೆ ಎಂಬುದು ಸ್ಕ್ರೂಗೇಜಿನ ದವಡೆಗಳ ನಡುವೆ ಕಾಣುವುದಿಲ್ಲ, ಮಸೂರದಡಿ ಕಾಣುತ್ತದೆ. ಉದ್ದಕ್ಕೂ ಐದಾರು ಕಡೆ ವ್ಯಾಸ ಅಳೆದು, ಸರಾಸರಿಯ ಜೊತೆಗೆ ಆ ಏರುಪೇರನ್ನೂ ರೆಕಾರ್ಡ್ ಪುಸ್ತಕದಲ್ಲಿ ಬರೆಸಬೇಕು. ಅದಕ್ಕೆ ಹೊಸ ಉಪಕರಣ ಬೇಡ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಎತ್ತಿಡುವವರು ಬೇಕು.