ಮಲಗಿದ ಎರಡು, ಮಾಸಿದ ರುಜು

ಅಮೆರಿಕದ ನ್ಯಾಷನಲ್ ಬ್ಯಾಂಕ್ ನೋಟುಗಳ ಮಾತು ಬಂದರೆ ಸಂಗ್ರಾಹಕರ ಬಾಯಲ್ಲಿ ಮೊದಲು ಬರುವುದು ‘ಲೇಜಿ ಡ್ಯೂಸ್’. ಎರಡು ಡಾಲರಿನ ಈ ನೋಟಿನ ಮುಖದಲ್ಲಿ ದೊಡ್ಡ 2 ಅಡ್ಡಕ್ಕೆ ಮಲಗಿದೆ. ಚಂದವಿದೆ, ಅಪರೂಪವೂ ಹೌದು: ಒಂದರ ಮೂರು ನೋಟಿಗೆ ಎರಡರದು ಒಂದೇ ಒಂದು ಎಂಬಂತೆ ಹಾಳೆ ಅಚ್ಚಾಗುತ್ತಿತ್ತು, 1879ರ ಹೊತ್ತಿಗೆ ಅದೂ ನಿಂತಿತು. ಆದರೆ ಇಡೀ ಸರಣಿಯ ಶಿಖರ ಅದೇ ಎಂಬ ಮಾತನ್ನು ನಾನು ಒಪ್ಪಲಾರೆ. ಬಾಸ್ಟನ್ನಿನ ಬ್ಯಾಂಕಿಗೂ ಅಯೋವಾದ ಸಣ್ಣ ಊರಿನ ಬ್ಯಾಂಕಿಗೂ ಅಂಕಿ ಅದೇ.

ಕಣ್ಣಿಡಬೇಕಾದದ್ದು ನೋಟಿನ ಕೆಳಅಂಚಿಗೆ. 1863ರ ಕಾಯಿದೆಯಂತೆ ಬ್ಯಾಂಕು ಸರ್ಕಾರಿ ಬಾಂಡುಗಳನ್ನು ಒತ್ತೆಯಿಟ್ಟರೆ, ಅದರ ಹೆಸರಿನ ನೋಟುಗಳು ಕತ್ತರಿಸದ ಹಾಳೆಗಳಾಗಿ ಊರಿಗೆ ಬರುತ್ತಿದ್ದವು. ಖಜಾನೆಯ ಅಧಿಕಾರಿಗಳ ರುಜು ಅಚ್ಚಿನಲ್ಲೇ ಇರುತ್ತಿತ್ತು. ಎಡಕ್ಕೆ ಕ್ಯಾಷಿಯರ್, ಬಲಕ್ಕೆ ಅಧ್ಯಕ್ಷ ಮಸಿಯಲ್ಲಿ ರುಜು ಹಾಕಿದ ಮೇಲೆ ನೋಟನ್ನು ಬಿಡಿಸಿ ಹೊರಗೆ ಕೊಡುತ್ತಿದ್ದರು. ಅಲ್ಲಿನ ಕ್ಯಾಷಿಯರ್ ಹಣ ಎಣಿಸುವ ಗುಮಾಸ್ತನಲ್ಲ, ಬ್ಯಾಂಕಿನ ದಿನದಿನದ ಆಡಳಿತ ಹೊತ್ತವನು. ಹಾಳೆಯ ಮೇಲೆ ಹಾಳೆ ಬರೆದು ದಣಿದ ಕೈ ಎಷ್ಟೋ ನೋಟುಗಳಲ್ಲಿ ಕಾಣುತ್ತದೆ: ಮೊದಲಕ್ಷರ ಠೀವಿಯಿಂದ ಎದ್ದು ನಿಂತರೆ, ಉಳಿದ ಹೆಸರು ಒಂದೇ ಎಳೆಯಾಗಿ ಜಾರಿ ಅಚ್ಚಿನ ಚೌಕಟ್ಟನ್ನು ದಾಟಿಬಿಡುತ್ತದೆ. ಉಕ್ಕಿನ ತಟ್ಟೆಯಲ್ಲಿ ಕೊರೆದ ಅಷ್ಟು ಕಟ್ಟುನಿಟ್ಟಾದ ಗೆರೆಗಳ ನಡುವೆ ಊರಿನ ಕೈ ಆಡಿದ ಜಾಗ ಅದೊಂದೇ.

ಇಲ್ಲಿಯೇ ನೋಟಿನ ಸ್ಥಿತಿಗೆ ಅಂಕ ಕೊಡುವ ದರ್ಜೆಯ ಪಂಥದವರೊಡನೆ ನನ್ನ ಜಗಳ. 70 ಅಂಕದ ಮಾಪಕದಿಂದಾಗಿ ದೂರದಿಂದ ಕೊಳ್ಳುವುದು ಸುಲಭವಾಗಿದೆ, ನಿಜ. ಆದರೆ ಮಡಿಕೆಯಿಲ್ಲದ ಗರಿಗರಿ ಕಾಗದವನ್ನೇ ಅದು ಹೊಗಳುತ್ತದೆ. ನೂರು ಜೇಬು ಕಂಡ ನೋಟು ಅದಕ್ಕೆ ಕೀಳು. ಈ ಆಸೆಗೆ ಬಿದ್ದೇ ನೋಟುಗಳನ್ನು ತೊಳೆದು ಒತ್ತುತ್ತಾರೆ. ಮಾಸಿದ ರುಜುವಿನಿಂದ ಬೆಲೆ ಇಳಿಯುತ್ತದೆಂದು ಅದರ ಮೇಲೆ ಹೊಸ ಮಸಿಯಲ್ಲಿ ತಿದ್ದುವವರೂ ಇದ್ದಾರೆ. ಇದನ್ನು ದುರಸ್ತಿ ಎನ್ನುವ ಬರಹಗಾರರನ್ನು ನಾನು ಕ್ಷಮಿಸಲಾರೆ. ಸತ್ತವನ ಕೈಬರಹವನ್ನು ಮುಚ್ಚಿ ಅವನ ಹೆಸರನ್ನು ನಾವು ಬರೆಯುವುದು ಕಳ್ಳರುಜು, ಅಷ್ಟೆ.

1929ರ ಚಿಕ್ಕ ನೋಟುಗಳಲ್ಲಿ ಬ್ಯಾಂಕಿನವರ ರುಜುವೂ ಅಚ್ಚಿಗೆ ಸೇರಿತು; 1935ಕ್ಕೆ ನೋಟುಗಳೇ ನಿಂತವು. ಹಳೆಯ ನೋಟೊಂದರಲ್ಲಿ ಮಸಿ ಪೂರ್ತಿ ಹಾರಿಹೋಗಿದೆ ಎನಿಸಿದರೆ ದೀಪವನ್ನು ಪಕ್ಕಕ್ಕೆ ಹಿಡಿದು ನೋಡಿ. ನಿಬ್ಬಿನ ಎರಡು ಮೊನೆ ಒತ್ತಿದ ಜೋಡಿ ಗೀರು ಕಾಗದದಲ್ಲಿ ಇನ್ನೂ ಉಳಿದಿರಬಹುದು.